ನನ್ನ ಗುಲಾಬಿ ನಾಲ್ಕು ಹನಿ ತಡ

ಖಾನಾಪುರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತಿದ್ದ ವರ್ಷ ನನಗೆ ಇಪ್ಪತ್ತನಾಲ್ಕು. ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ತಿಳಿ ಗುಲಾಬಿ ಬಣ್ಣ ಕಾಣುವುದಿಲ್ಲ ಎಂಬ ಸಂಗತಿ ಜಗತ್ತಿನಲ್ಲಿ ಮೂವರಿಗೆ ಮಾತ್ರ ಗೊತ್ತು ಎಂದು ಆಗ ನಂಬಿದ್ದೆ: ನನಗೆ, ನನ್ನ ಅಕ್ಕನಿಗೆ, ಒಬ್ಬ ಕಣ್ಣಿನ ಡಾಕ್ಟರಿಗೆ. ಡಾಕ್ಟರು ಮರೆತಿರಬೇಕು. ಅಕ್ಕ ಮರೆಯುವವಳಲ್ಲ. ನಾನು ಇದ್ದದ್ದು ಬೆಳಗಾವಿಯ ಸದಾಶಿವನಗರದಲ್ಲಿ ಅವಳ ಮನೆಯಲ್ಲೇ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಕಾಲು ನೋಡುತ್ತಿದ್ದಳು.

"ಒಂದ ಕಾಲಚೀಲ ಹಸರು, ಒಂದ ಕಂದು. ಕೆಮಿಸ್ಟ್ರಿ ಮಾಸ್ತರ ಹೊಂಟಾರ ನೋಡ್ರಿ!"

ಕೆಮಿಸ್ಟ್ರಿ ಮಾಸ್ತರಿಗೆ ಬಣ್ಣ ಕಾಣದಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಟೈಟ್ರೇಶನ್ ಅಂದರೇನು ಎಂದು ಹೇಳಬೇಕು. ಕೆಳಗೆ ಫ್ಲಾಸ್ಕಿನಲ್ಲಿ ಅಳೆದು ಹಾಕಿದ ಆಮ್ಲ, ಅದರಲ್ಲಿ ಎರಡು ಹನಿ ಫಿನಾಲ್ಫ್ತಲೀನ್. ಮೇಲೆ ಬ್ಯುರೆಟ್ಟು, ಅಂದರೆ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆ. ಅದರ ತುಂಬ ಸೋಡಿಯಂ ಹೈಡ್ರಾಕ್ಸೈಡ್. ಕೆಳಗಿನ ತಿರುಪು ಸಡಿಲಿಸಿ ಹನಿ ಹನಿಯಾಗಿ ಬಿಡುತ್ತ ಹೋದರೆ, ಆಮ್ಲ ಪೂರ್ತಿ ತೀರಿದ ಕ್ಷಣದಲ್ಲಿ ನೀರಿನಂತಿದ್ದ ದ್ರಾವಣ ಒಂದೇ ಒಂದು ಹನಿಗೆ ತಿಳಿ ಗುಲಾಬಿಯಾಗುತ್ತದೆ. ಆಗುತ್ತದಂತೆ. ಅಲ್ಲಿ ನಿಲ್ಲಿಸಿ ಬ್ಯುರೆಟ್ಟಿನ ಗೆರೆ ಓದಿಕೊಳ್ಳಬೇಕು. ಎಲ್ಲರೂ "ಬಂತು" ಅನ್ನುವ ಹನಿಯಲ್ಲಿ ನನಗೆ ಕಾಣುತ್ತಿದ್ದದ್ದು ನೀರು. ಇನ್ನೂ ನಾಲ್ಕು ಹನಿ ಬಿದ್ದು ದ್ರಾವಣ ಗಾಢವಾದಾಗ ನನಗೆ "ಏನೋ ಆಗಿದೆ" ಅನಿಸುತ್ತಿತ್ತು.

ಹಾಗಾದರೆ ಬಿಎಸ್ಸಿ ಹೇಗೆ ದಾಟಿದೆ, ಎಮ್ಮೆಸ್ಸಿ ಹೇಗೆ ದಾಟಿದೆ? ನಕಲು. ಚೀಟಿ ಇಟ್ಟು ಮಾಡುವ ನಕಲಲ್ಲ. ಯಾರನ್ನಾದರೂ ಐದು ನಿಮಿಷ ನೋಡಿದರೆ ಅವರ ದನಿ, ಕತ್ತು, ಕೈ ಎಲ್ಲ ನನಗೆ ಬಂದುಬಿಡುತ್ತಿತ್ತು. ಬೆಳಗಾವಿಯ ಲ್ಯಾಬಿನಲ್ಲಿ ಬಾಜೂ ನಿಂತ ಗೆಳೆಯನ ಮಣಿಕಟ್ಟನ್ನು ನೋಡುತ್ತಿದ್ದೆ. ಅವನ ಬೆರಳು ಬಿಗಿಯಾದರೆ ನನ್ನದೂ ಬಿಗಿ. ಅವನು ಉಸಿರು ಹಿಡಿದರೆ ನಾನೂ ಹಿಡಿದೆ. ಪರೀಕ್ಷೆಯಲ್ಲಿ ಎಲ್ಲರಿಗೂ ಬೇರೆ ಬೇರೆ ದ್ರಾವಣ ಕೊಡುತ್ತಾರೆ, ಅಲ್ಲಿ ಮಣಿಕಟ್ಟು ಉಪಯೋಗಕ್ಕೆ ಬಾರದು. ಅದಕ್ಕೆ ಬೇರೆ ದಾರಿ ಹುಡುಕಿದ್ದೆ. ನನ್ನ ಗುಲಾಬಿ ಯಾವಾಗಲೂ ನಾಲ್ಕು ಹನಿ ತಡ. ನಾಲ್ಕು ಹನಿಯೆಂದರೆ ಸೊನ್ನೆ ಪಾಯಿಂಟ್ ಎರಡು ಮಿಲಿಲೀಟರ್. ಬಂದ ಉತ್ತರದಲ್ಲಿ ಅದನ್ನು ಕಳೆದು ಬರೆಯುತ್ತಿದ್ದೆ. ಪರೀಕ್ಷಕರು ಬೆನ್ನು ತಟ್ಟಿ "ಕೈ ಅಗದಿ ಚೊಕ್ಕ ಐತಿ" ಅಂದದ್ದೂ ಉಂಟು.

ಖಾನಾಪುರದಲ್ಲಿ ನಾನು ಮಾಸ್ತರನಾದಾಗ ಈ ವಿದ್ಯೆ ಸ್ವಲ್ಪ ಹೊರಳಿತು. ಈಗ ಮಕ್ಕಳು ನನ್ನ ಮಣಿಕಟ್ಟು ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಮೊದಲ ಬೆಂಚಿನಲ್ಲಿ ಒಬ್ಬ ಹುಡುಗಿಯಿದ್ದಳು. ಬಣ್ಣ ಬಂದ ಹನಿಗೆ ಸರಿಯಾಗಿ ಅವಳು "ಅಯ್ಯ!" ಅನ್ನುತ್ತಿದ್ದಳು. ನಾನು ತಿರುಪು ಮುಚ್ಚಿ, ಅದೇ ಉಸಿರಿನಲ್ಲಿ "ನೋಡಿ, ಎಂಡ್ ಪಾಯಿಂಟ್" ಅನ್ನುತ್ತಿದ್ದೆ. ಅವಳು ಗೈರುಹಾಜರಾದ ದಿನ ಪಾಠ ಥಿಯರಿ.

ನನ್ನ ನೌಕರಿ ತಾತ್ಪೂರ್ತಿಕ, ಒಂದು ವರ್ಷದ್ದು. ವರ್ಷದ ಕೊನೆಗೆ ಕಾಲೇಜಿನ ಕಮಿಟಿ ಕೂತು, ಇವನನ್ನು ಇಟ್ಟುಕೊಳ್ಳೋಣವೇ ಬೇಡವೇ ಎಂದು ನಿರ್ಧರಿಸುತ್ತಿತ್ತು. ನನಗೆ ಆ ಕೆಲಸ ಬೇಕಾಗಿತ್ತು. ಬೇರೆ ಗತಿಯಿಲ್ಲ ಅಂತಲ್ಲ. ಮಾತಾಡುತ್ತ ನಿಂತರೆ ಐವತ್ತು ಜನ ಸುಮ್ಮನೆ ಕೂತು ಕೇಳುವ ಜಾಗ ಇನ್ನೆಲ್ಲಿ ಸಿಗುತ್ತದೆ ಅಂತ. ಆದರೆ ಕಣ್ಣಿನ ವಿಷಯ ಗೊತ್ತಾದರೆ ಯಾವ ಕಮಿಟಿ ಬಣ್ಣ ಕಾಣದ ಕೆಮಿಸ್ಟ್ರಿಯವನನ್ನು ಇಟ್ಟುಕೊಂಡೀತು? ಬಸ್ಸಿನಲ್ಲಿ, ಊಟದಲ್ಲಿ, ಪ್ರಿನ್ಸಿಪಾಲರ ದನಿಯಲ್ಲಿ ಸ್ಟಾಫ್ ರೂಮನ್ನು ನಗಿಸುವಾಗ ಕೂಡ ಈ ಲೆಕ್ಕ ತಲೆಯಲ್ಲಿ ಓಡುತ್ತಲೇ ಇತ್ತು.

ಅಷ್ಟರಲ್ಲಿ ಬೆಳಗಾವಿಯ ಒಂದು ಕಾಲೇಜಿನಲ್ಲಿ ವಿಜ್ಞಾನದ ಮಾಸ್ತರರಿಗೆ ಎರಡು ದಿನದ ತರಬೇತಿ ನಡೆಯಿತು. ಅಲ್ಲಿಯ ಫಿಜಿಕ್ಸ್ ಮಾಸ್ತರರೊಬ್ಬರು ಊಟದ ಡಬ್ಬಿಯಷ್ಟು ದೊಡ್ಡದೊಂದು ತಗಡಿನ ಪೆಟ್ಟಿಗೆ ತಾವೇ ಮಾಡಿದ್ದರು. ಪೆಟ್ಟಿಗೆಯ ಒಂದು ಕಡೆಯಿಂದ ಹೊರಟ ವೈರಿನ ತುದಿಗೆ ಪೆನ್ನಿನಂಥ ಗಾಜಿನ ಕಡ್ಡಿ, ಅದರ ಮೂತಿಯಲ್ಲಿ ತೆಳ್ಳನೆಯ ಗುಳ್ಳೆ. ಅದೇ ಸೆನ್ಸರ್. ಇನ್ನೊಂದು ಕಡೆಯ ವೈರು ಕಂಪ್ಯೂಟರಿನ ಹಿಂದೆ, ಪ್ರಿಂಟರ್ ಚುಚ್ಚುವ ಜಾಗಕ್ಕೆ. ಕಡ್ಡಿಯನ್ನು ಆಮ್ಲದಲ್ಲಿ ಅದ್ದಿ ಬ್ಯುರೆಟ್ಟು ಬಿಟ್ಟರೆ, ಆಮ್ಲತೆ ಎಷ್ಟಿದೆ ಎಂದು ಸೆನ್ಸರು ಕ್ಷಣಕ್ಷಣಕ್ಕೆ ಕಂಪ್ಯೂಟರಿಗೆ ಹೇಳುತ್ತದೆ, ತೆರೆಯ ಮೇಲೆ ಗೆರೆ ಮೂಡುತ್ತ ಹೋಗುತ್ತದೆ. ಬಹಳ ಹೊತ್ತು ಗೆರೆ ನೆಲ ಹಿಡಿದು ಮಲಗಿರುತ್ತದೆ. ಆಮ್ಲ ತೀರುವ ಆ ಒಂದು ಹನಿಗೆ ತಟ್ಟನೆ ಎದ್ದು ನೆಟ್ಟಗೆ ಮೇಲೆ ಹೋಗುತ್ತದೆ.

ಗೆರೆ ಕಪ್ಪು, ಹಿಂದೆ ಬಿಳಿ. ಗುಲಾಬಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಉಳಿದ ಮಾಸ್ತರರು "ಛಲೋ ಐತಿ" ಅಂದು ಚಹಾಕ್ಕೆ ಎದ್ದರು. ನಾನು ಮಾತ್ರ ಕೂತೇ ಇದ್ದೆ.

ಫಿಜಿಕ್ಸ್ ಮಾಸ್ತರರು ಕೇಳಿದರು: "ಯಾಕ್ರಿ, ತಿಳೀಲಿಲ್ಲೇನು?"

"ಬಾಳ ತಿಳೀತ್ರಿ ಸರ. ಒಂದ ವಾರದ ಮಟ್ಟಿಗೆ ಕೊಡ್ತೀರೇನ್ರಿ? ಖಾನಾಪುರದಾಗ ನಮ್ಮ ಹುಡುಗೂರಿಗೆ ತೋರಸ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾಲಚೀಲವನ್ನೂ ನೋಡಿದರೋ ಏನೋ. "ಒಯ್ಯಿರಿ. ಆದ್ರ ಗಾಜಿನ ಗುಳ್ಳಿ ಒಣಗಬಾರದು. ಒಣಗಿತಂದ್ರ ಸತ್ತೋತು. ಈ ಶೀಸೇದಾಗ ಮುಳುಗಿಸಿ, ಕೈಯಾಗ ಹಿಡಕೊಂಡ ಹೋಗ್ರಿ."

ಹೀಗೆ ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸಿನಲ್ಲಿ, ತೊಡೆಯ ಮೇಲೆ ಪೆಟ್ಟಿಗೆ, ಎದೆಯ ಹತ್ತಿರ ಸಣ್ಣ ಶೀಶೆ, ಶೀಶೆಯೊಳಗೆ ಗಾಜಿನ ಕಡ್ಡಿ ಹಿಡಿದು ಕೂತೆ. ಬೆಳಗಾವಿಗೆ ಹಾಲು ಹಾಕಿ ಊರಿಗೆ ಮರಳುವ ಗೌಳಿಗರು ಖಾಲಿ ಕ್ಯಾನುಗಳ ಸಮೇತ ಹಿಂದೆ ಮುಂದೆ ಕೂತಿದ್ದರು. ನಾನು ಬಂದು ಕೂತದ್ದೇ ಅವರ ಮಾತು ನಿಂತಿತು. ಒಬ್ಬರು ಕ್ಯಾನನ್ನು ಸೀಟಿನ ಕೆಳಗೆ ಕಾಲಿನಿಂದ ತಳ್ಳಿದರು. ಕೊನೆಗೆ ಪಕ್ಕದ ಹಿರಿಯರು ಕೆಮ್ಮಿ ಕೇಳಿದರು:

"ಸಾಹೇಬ್ರ, ಎಲ್ಲೀ ತನಕ್ರಿ?"

"ಖಾನಾಪುರಕ್ರಿ."

"ಅದು... ಹಾಲಿನ ಡಿಗ್ರಿ ನೋಡೂದೇನ್ರಿ?"

ನಾನು ಆ ಹೊತ್ತಿಗೆ ಸತ್ಯ ಹೇಳಬಹುದಿತ್ತು. ಆದರೆ ಹಾಲಿನ ಇನ್‌ಸ್ಪೆಕ್ಟರರ ದನಿ ನನ್ನ ಗಂಟಲಲ್ಲಿ ತಾನಾಗಿ ಬಂದು ಕೂತಿತು. ಮೂಗಿನಿಂದ, ನಿಧಾನಕ್ಕೆ ಹೇಳಿದೆ: "ಹಾಲಿಂದೂ ನೋಡತೈತಿ, ನೀರಿಂದೂ ನೋಡತೈತಿ."

"ನಮ್ಮ ಕ್ಯಾನ್ ಎಲ್ಲಾ ರಿಕಾಮಿ ಅದಾವ್ರಿ ಸಾಹೇಬ್ರ. ಬೇಕಂದ್ರ ನೋಡಿಕೊಳ್ರಿ."

ಕಂಡಕ್ಟರು ಟಿಕೆಟ್ ಹರಿಯುತ್ತ ನಕ್ಕುಬಿಟ್ಟ. ಅವನಿಗೆ ನನ್ನ ಚಾಳಿ ಗೊತ್ತಿತ್ತು, ಅವನ ದನಿಯನ್ನೇ ಅವನಿಗೆ ಕೇಳಿಸಿ ಬೈಸಿಕೊಂಡಿದ್ದೆ. "ಅಂವ ಮಾಸ್ತರ ಅದಾನ್ರಿ ಕಾಕಾ. ಹೆದರಬ್ಯಾಡ್ರಿ," ಅಂದ. ಗೌಳಿಗರ ಕಾಕಾ ನನ್ನನ್ನು ಬಹಳ ಹೊತ್ತು ದಿಟ್ಟಿಸಿ, "ಮಾಸ್ತರ ಆಗಿ ಹಿಂಗ ಮಾಡತಾರೇನ್ರಿ?" ಅಂದರು. ಇಳಿಯುವವರೆಗೆ ಶೀಶೆಯನ್ನೇ ನೋಡಿಕೊಂಡು ಕೂತೆ.

ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಆಫೀಸಿನಲ್ಲಿ. ಅದಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ, ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ ನಿಯಮ ಮಾಡಿದ್ದರು. ಕಂಪ್ಯೂಟರನ್ನು ಲ್ಯಾಬಿಗೆ ಒಯ್ಯುತ್ತೇನೆ ಅಂದಾಗ ಪ್ರಿನ್ಸಿಪಾಲರು, ಮಗುವನ್ನು ಕೆರೆಗೆ ಒಯ್ಯುತ್ತೇನೆ ಅಂದಂತೆ ನೋಡಿದರು.

"ಅದೇನಪಾ ಅಂದ್ರ," ಅವರ ಪ್ರತಿ ಮಾತೂ ಹೀಗೇ ಸುರುವಾಗುತ್ತಿತ್ತು, "ಅದೇನಪಾ ಅಂದ್ರ, ಕಂಪ್ಯೂಟರ್ ಅಲ್ಲಿ ಬರೂದಿಲ್ಲ. ನಿಮ್ಮ ಲ್ಯಾಬ್ ಇಲ್ಲಿ ತರ್ರಿ. ಮತ್ತ ಹೆಂಗೂ ತರ್ತೀರಿ, ಶನಿವಾರ ಮಧ್ಯಾಹ್ನ ತರ್ರಿ. ಅವತ್ತ ಕಮಿಟಿ ಐತಿ. ನಿಮ್ಮ ಮುಂದಿನ ವರ್ಷದ ವಿಚಾರಾನೂ ಅವತ್ತ ಬರತೈತಿ. ಅವರ ಮುಂದ ಮಾಡಿ ತೋರಸ್ರಿ. ನಾಕ ಜನಾ ನೋಡಿದ್ರ ಛಲೋ."

"ಆಗ್ಲಿ ಸರ್."

"ಇನ್ನೊಂದ. ನಮ್ಮ ಅಧ್ಯಕ್ಷರಿಗೆ ಇಂಗ್ಲಿಷ್ ಬೆರಸಿ ಮಾತಾಡಿದ್ರ ಸೇರೂದಿಲ್ಲ. ಬೇಸ್, ಅಲ್ಕಲಿ, ಸಾಲ್ಟ್ ಅನಕೋತ ಕೂಡಬ್ಯಾಡ್ರಿ. ಪುಸ್ತಕದ ಕನ್ನಡದಾಗ ಹೇಳ್ರಿ."

ಶುಕ್ರವಾರ ನಾನೂ ಲ್ಯಾಬಿನ ಅಟೆಂಡರ್ ಕಾಕಾನೂ ದ್ರಾವಣ ಮಾಡಿ, ನಾಲ್ಕು ಸಲ ನೋಡಿ, ಇಪ್ಪತ್ತೈದು ಮಿಲಿಲೀಟರಿಗೆ ಸರಿಯಾಗಿ ಆಮ್ಲ ತೀರುವ ಹಾಗೆ ಇಟ್ಟೆವು. ಬಣ್ಣ ನೋಡಿದ್ದು ಕಾಕಾ. "ನಿಮ್ಮ ಕಣ್ಣಿಗಿಂತ ನಿಮ್ಮ ಅನುಭವ ದೊಡ್ಡದ್ರಿ ಕಾಕಾ, ನೀವ ಹೇಳ್ರಿ," ಎಂದು ನಾನು ಎಂದಿನಂತೆ ಬೆಣ್ಣೆ ಹಚ್ಚಿದ್ದೆ. ಅವರು ಮರುಪ್ರಶ್ನೆ ಹಾಕದೆ ಹೇಳಿದ್ದರು.

ಶನಿವಾರ ಆಫೀಸಿನ ಕೋಣೆ. ಬಾಗಿಲ ಹೊರಗೆ ಏಳು ಜೊತೆ ಚಪ್ಪಲಿ. ಗುಮಾಸ್ತರ ಮೇಜಿನ ಮೇಲೆ ಸ್ಟ್ಯಾಂಡು, ಬ್ಯುರೆಟ್ಟು, ಬೀಕರು. ಪಕ್ಕದಲ್ಲಿ ಕಸೂತಿ ಬಟ್ಟೆ ತೆಗೆದ ಕಂಪ್ಯೂಟರು. ಅಧ್ಯಕ್ಷರು ಎದುರಿನ ಕುರ್ಚಿಯಲ್ಲಿ ಕೂತರು. ಬೆಳಗಾವಿಯಲ್ಲಿ ಅವರದು ಸೀರೆಯ ಅಂಗಡಿ, ಹಳೆಯ ಜೈನ ಮನೆತನ. ಕಾಲೇಜು ಸುರುವಾದಾಗಿನಿಂದ ಕಮಿಟಿಯಲ್ಲಿದ್ದವರು. ಅವರ ಆಚೀಚೆ ಇಬ್ಬರು ಸದಸ್ಯರು, ಬಾಗಿಲ ಬಳಿ ಪ್ರಿನ್ಸಿಪಾಲರು ಮತ್ತು ಕಾಕಾ. ಕೈಗೆ ನೆರವಾಗಲು ನಾನು ಆರಿಸಿಕೊಂಡದ್ದು ಅದೇ ಮೊದಲ ಬೆಂಚಿನ "ಅಯ್ಯ" ಹುಡುಗಿಯನ್ನು. ಗೆರೆ ಕೈಕೊಟ್ಟರೆ ಅವಳಿರಲಿ ಅಂತ. ಖಾನಾಪುರದ ಆಚೆಯ ಹಳ್ಳಿಯವಳು, ಹತ್ತನೆಯ ತನಕ ಮರಾಠಿ ಶಾಲೆಯಲ್ಲಿ ಓದಿ ಬಂದವಳು, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವಳು.

ಮೇಜಿನ ಮೇಲೆ ಮೂರು ಬಾಟಲಿ ಇಟ್ಟಿದ್ದೆ. ಒಂದು ಆಮ್ಲ, ಒಂದು ಸೋಡಿಯಂ ಹೈಡ್ರಾಕ್ಸೈಡ್, ಮೂರನೆಯದು ಬರೀ ಉಪ್ಪುನೀರು. ಉಪ್ಪುನೀರಿಗೆ ಆಮ್ಲದ ಗುಣವೂ ಇಲ್ಲ, ಅದರ ವಿರುದ್ಧದ ಗುಣವೂ ಇಲ್ಲ ಎಂದು ಕೊನೆಯಲ್ಲಿ ಸೆನ್ಸರು ಅದ್ದಿ ತೋರಿಸುವ ಯೋಚನೆ.

ಭಾಷಣ ಸುರು ಮಾಡಿದೆ. "ಮಾನ್ಯ ಅಧ್ಯಕ್ಷರೇ, ಈಗ ನಾವು ಆಮ್ಲ ಮತ್ತು ಕ್ಷಾರಗಳ ಅನುಮಾಪನವನ್ನು ನೋಡಲಿದ್ದೇವೆ." ಟೈಟ್ರೇಶನ್ನಿಗೆ ಪುಸ್ತಕದ ಹೆಸರು ಅದು. ನನ್ನ ದನಿ ನನಗೇ ಆಕಾಶವಾಣಿಯ ವಾರ್ತೆಯಂತೆ ಕೇಳಿತು. ಹುಡುಗಿಯ ಕಡೆ ತಿರುಗಿ, ಅದೇ ದನಿಯಲ್ಲಿ, "ಬ್ಯುರೆಟ್ಟಿಗೆ ಕ್ಷಾರವನ್ನು ತುಂಬಮ್ಮಾ," ಅಂದೆ. ಇಡೀ ವರ್ಷ ಅವಳಿಗೆ "ಬೇಸ್ ಹಾಕವಾ" ಅಂದವನು ನಾನು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ಬಾಟಲಿಗಳನ್ನು ನೋಡಿದಳು, ತುಂಬಿದಳು. ನಾನು ಅಧ್ಯಕ್ಷರ ಕಡೆ ನಗುತ್ತಿದ್ದೆ.

ಪ್ರಿನ್ಸಿಪಾಲರು ಬಾಗಿಲಿಂದ ಅಂದರು: "ಅದೇನಪಾ ಅಂದ್ರ, ಹಳೇ ಪದ್ಧತೀನೂ ಇರ್ಲಿ. ಇಂಡಿಕೇಟರ್ ಎರಡ ಹನಿ ಹಾಕ್ರಿ." ಕಾಕಾ ಬೀಕರಿಗೆ ಎರಡು ಹನಿ ಹಾಕಿದರು.

ಸೆನ್ಸರು ಅದ್ದಿ ಬ್ಯುರೆಟ್ಟು ಬಿಟ್ಟೆ. ಹತ್ತು ಮಿಲಿಲೀಟರ್, ಹದಿನೈದು, ಇಪ್ಪತ್ತು. ತೆರೆಯ ಮೇಲೆ ಗೆರೆ ತಳದಲ್ಲಿ ಮಲಗಿ ಮುಂದೆ ಹೋಯಿತು. ನಾನು ಗಾಬರಿಯಾಗಲಿಲ್ಲ; ಅಲ್ಲಿಯ ತನಕ ಅದು ಮಲಗಿಯೇ ಇರಬೇಕು. "ಇನ್ನೇನು, ಈಗ ನೋಡಿ, ಎದ್ದು ನಿಲ್ಲುತ್ತದೆ," ಅಂದೆ. ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕೂವರೆ. ಹನಿ ಹನಿ. ಇಪ್ಪತ್ತೈದು. ಗೆರೆ ಮಲಗಿಯೇ ಇತ್ತು.

ಅಧ್ಯಕ್ಷರು ಕನ್ನಡಕ ಮೇಲೇರಿಸಿದರು. "ರೈಲಿನ ಹಳಿ ಎಳದಂಗ ಐತಲ್ಲರೀ ಇದು. ಯಾವಾಗ ಏಳತೈತಿ?"

ಸೆನ್ಸರು ಸತ್ತಿದೆ, ಗುಳ್ಳೆ ಒಣಗಿದೆ ಅಂದುಕೊಂಡೆ. ಹುಡುಗಿಯ ಮುಖ ನೋಡಿದೆ. "ಅಯ್ಯ" ಇಲ್ಲ, ಏನೂ ಇಲ್ಲ. ಅವಳು ತೆರೆಯನ್ನೇ ನೋಡುತ್ತಿದ್ದಳು. ಬೀಕರು ನೋಡಿದೆ. ನೀರು. ನನಗೆ ಹೇಗೂ ನೀರೇ ಕಾಣಬೇಕಿತ್ತು. ನಿನ್ನೆ ನಾಲ್ಕು ಸಲ ಇಪ್ಪತ್ತೈದಕ್ಕೆ ಬಂದ ಬಣ್ಣ ಇವತ್ತು ಬಾರದೇ ಎಲ್ಲಿಗೆ ಹೋಗುತ್ತದೆ? ಇನ್ನೆರಡು ಹನಿ ಬಿಟ್ಟೆ. ತಿರುಪು ಮುಚ್ಚಿದೆ. ಸೆನ್ಸರು ಹೊರತೆಗೆದು ಬೀಕರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಮದುವೆಯಲ್ಲಿ ತಾಳಿ ತೋರಿಸುವಂತೆ ಎಲ್ಲರಿಗೂ ತೋರಿಸಿದೆ.

"ಯಂತ್ರ ಕೈಕೊಟ್ಟರೂ ನಮ್ಮ ಹಳೆಯ ಪದ್ಧತಿ ಕೈಬಿಡಲಿಲ್ಲ. ನೋಡಿ! ಎಂಥ ಸುಂದರ ತಿಳಿ ಗುಲಾಬಿ!"

ಅಧ್ಯಕ್ಷರು ಎದ್ದು ಬಂದರು. ಬೀಕರಿನ ಹತ್ತಿರ ಮೂಗು ತಂದು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮಾಸ್ತರ, ನಾನು ನಲವತ್ತ ವರ್ಷಾತು ಸೀರಿ ಮಾರಾಕ ಹತ್ತಿ. ಗುಲಾಬಿ ಒಳಗ ಹದಿನಾರ ನಮೂನಿ ತಗದ ತೋರಸ್ತೀನಿ. ಇದ್ರಾಗ ಒಂದೂ ಇಲ್ಲ. ಇದು ನೀರ."

ಪ್ರಿನ್ಸಿಪಾಲರು ಬಂದು ನೋಡಿದರು. ಇಬ್ಬರು ಸದಸ್ಯರೂ ನೋಡಿದರು. ಒಬ್ಬರು ಮೆಲ್ಲಗೆ, "ನನಗೂ ನೀರ ಕಾಣತೈತಿ," ಅಂದರು, ತಪ್ಪು ತಮ್ಮದೇ ಇರಬಹುದೇನೋ ಎಂಬ ಹಾಗೆ.

ನಗಿಸಿ ಪಾರಾಗಲು ನನ್ನ ಬಳಿ ಎಷ್ಟೋ ದನಿಗಳಿದ್ದವು. ಒಂದೂ ಬರಲಿಲ್ಲ. ನನ್ನದೇ ದನಿಯಲ್ಲಿ, ಅದು ಇಷ್ಟು ಸಣ್ಣದು ಎಂದು ನನಗೇ ಗೊತ್ತಿರಲಿಲ್ಲ, ಹೇಳಿದೆ: "ನನಗ ಆ ಬಣ್ಣ ಕಾಣೂದಿಲ್ರಿ. ಹುಟ್ಟಿದಾಗಿಂದ."

"ಕಾಣೂದಿಲ್ಲಾ ಅಂದ್ರ?" ಪ್ರಿನ್ಸಿಪಾಲರು ಮೊದಲ ಸಲ "ಅದೇನಪಾ ಅಂದ್ರ" ಬಿಟ್ಟು ಮಾತಾಡಿದರು. "ಹಂಗಾರ ಎಮ್ಮೆಸ್ಸಿ ಹೆಂಗ ಪಾಸಾದ್ರಿ?"

"ನಾಕ ಹನಿ ಕಳದ, ಸರ್."

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಧೈರ್ಯ ನನಗೂ ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಅಳಲು ಸುರು ಮಾಡಿದಳು. ಕೆಟ್ಟದ್ದೆಲ್ಲ ತನ್ನಿಂದಲೇ ಎಂದು ಅವಳ ಲೆಕ್ಕ. ಅವಳ ಕಣ್ಣು ಬ್ಯುರೆಟ್ಟಿನ ಮೇಲೇ ಇತ್ತು. ನಾನು ಅವಳ ಭಾಷೆಯಲ್ಲೇ ಕೇಳಿದೆ, ಬ್ಯುರೆಟ್ಟಿಗೆ ಏನು ಹಾಕಿದೆ ಅಂತ: "ಬ್ಯುರೆಟ್‌ಮಧ್ಯೇ ಕಾಯ್ ಘಾತ್ಲಂಸ್ ಗ?"

"ಕ್ಷಾರ್, ಸರ್," ಅಂದಳು. "ತುಮ್ಹೀಚ್ ಸಾಂಗಿತ್ಲಂ." ನೀವೇ ಹೇಳಿದಿರಲ್ಲ.

ಅವಳು ತೋರಿಸಿದ್ದು ಉಪ್ಪುನೀರಿನ ಬಾಟಲಿಯನ್ನು.

ನನಗೆ ಆಗ ಹೊಳೆಯಿತು. ಕನ್ನಡದ ಪುಸ್ತಕದಲ್ಲಿ ಕ್ಷಾರ ಅಂದರೆ ಅಲ್ಕಲಿ, ಆಮ್ಲದ ಎದುರಾಳಿ; ಉಪ್ಪಿಗೆ ಅಲ್ಲಿ ಲವಣ ಅನ್ನುತ್ತಾರೆ. ಮರಾಠಿ ಪುಸ್ತಕದಲ್ಲಿ ಕ್ಷಾರ ಅಂದರೆ ಉಪ್ಪೇ. ಶಬ್ದ ಅದೇ, ಉಚ್ಚಾರ ಅದೇ, ಬಾಟಲಿ ಬೇರೆ. ಇಡೀ ವರ್ಷ ಇಂಗ್ಲಿಷಿನಲ್ಲಿ ಹೇಳಿ, ಒಂದೇ ದಿನ ಪುಸ್ತಕದ ಕನ್ನಡ ಮಾತಾಡಿ ನಾನು ಉಪ್ಪುನೀರು ತುಂಬಿಸಿದ್ದೆ. ಆಮ್ಲಕ್ಕೆ ಉಪ್ಪುನೀರು ಎಷ್ಟು ಸುರಿದರೂ ಆಮ್ಲ ಆಮ್ಲವೇ. ಸೆನ್ಸರು ಸತ್ತಿರಲಿಲ್ಲ. ಕೋಣೆಯಲ್ಲಿ ಸರಿಯಾಗಿ ಉತ್ತರ ಕೊಡುತ್ತಿದ್ದದ್ದು ಅದೊಂದೇ.

ಇದನ್ನು ಅಧ್ಯಕ್ಷರಿಗೆ ವಿವರಿಸಬೇಕಾಗಿ ಬರಲಿಲ್ಲ. ಅವರ ಅಂಗಡಿಯಲ್ಲಿ ದಿನಾ ಎರಡೂ ಭಾಷೆ ನಡೆಯುತ್ತಿತ್ತು. ಹೊಟ್ಟೆ ಹಿಡಿದು ನಕ್ಕರು.

"ಅಕೀದೂ ಬರೋಬ್ಬರಿ ಐತಿ, ನಿಮ್ಮದೂ ಬರೋಬ್ಬರಿ ಐತಿ. ಅಳಬ್ಯಾಡವಾ ತಂಗಿ. ನಮ್ಮಲ್ಲೆ ಗಿರಾಕಿ ಇದಕ್ಕಿಂತ ಹೆಚ್ಚಿಂದ ಮಾಡತಾವ." ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಆದ್ರ ಮಾಸ್ತರ, ಇಲ್ಲದ ಗುಲಾಬಿ ಐತಿ ಅಂದ್ರಲ್ಲ, ಅದು ಬ್ಯಾರೆ ವಿಷಯ."

"ಹೌದ್ರಿ."

"ಇನ್ನೊಮ್ಮೆ ಮಾಡ್ರಿ. ಈ ಸಲ ಬರೋಬ್ಬರಿ ಬಾಟ್ಲಿ ಹಾಕ್ರಿ."

ಬ್ಯುರೆಟ್ಟು ತೊಳೆದು ಹೈಡ್ರಾಕ್ಸೈಡ್ ತುಂಬಿದೆವು. ಹೊಸ ಬೀಕರು, ಹೊಸ ಆಮ್ಲ, ಎರಡು ಹನಿ ಇಂಡಿಕೇಟರ್. ಅಧ್ಯಕ್ಷರು, "ತಿರುಪ ನಾನ ಬಿಡ್ತೀನಿ, ಸರೀರಿ," ಎಂದು ತೋಳು ಮಡಚಿ ನಿಂತರು. ಹುಡುಗಿಗೆ ನಾನು ಹೇಳಿದೆ: ನೀನು ಬೀಕರು ನೋಡು, ತೆರೆ ನೋಡಬೇಡ. ಬಣ್ಣ ಬಂದಾಗ ಗಟ್ಟಿಯಾಗಿ ಹೇಳು. ನಾನು ಬೀಕರಿಗೆ ಬೆನ್ನು ಮಾಡಿ ತೆರೆಯ ಎದುರು ಕೂತೆ.

ಇಪ್ಪತ್ತನಾಲ್ಕು ದಾಟಿತು. ಗೆರೆ ಸ್ವಲ್ಪ ತಲೆಯೆತ್ತಿತು. ಅಧ್ಯಕ್ಷರ ಹನಿ ಬೀಳುವ ಸದ್ದು ಕೇಳುತ್ತಿತ್ತು. ಗೆರೆ ಇನ್ನೂ ಸ್ವಲ್ಪ ಎದ್ದಿತು, ಮತ್ತೆ ಸ್ವಲ್ಪ. ಆಮೇಲೆ ಒಂದೇ ಹನಿಗೆ, ಕೂತವನು ಎದ್ದು ನಿಂತ ಹಾಗೆ, ನೆಟ್ಟಗೆ ಮೇಲೆ ಹೋಯಿತು.

"ಆತ್ರಿ!" ಅಂದೆ ನಾನು.

"ಅಯ್ಯ! ಆಲಾ, ಸರ್, ಆಲಾ! ಬಂತು!" ಅಂದಳು ಅವಳು.

ಇಬ್ಬರ ಬಾಯೂ ಒಟ್ಟಿಗೇ ತೆರೆದಿತ್ತು. ಬ್ಯುರೆಟ್ಟಿನ ಗೆರೆ ಓದಿದರು ಪ್ರಿನ್ಸಿಪಾಲರು: ಇಪ್ಪತ್ತೈದು ಪಾಯಿಂಟ್ ಸೊನ್ನೆ. ಏಳು ವರ್ಷ ಅಂದಾಜಿನಲ್ಲಿ ಕಳೆದು ಕೂಡಿಸಿ ಬದುಕಿದ್ದೆ. ಎಲ್ಲರ ಗುಲಾಬಿ ಇರುವುದು ಎಲ್ಲಿ ಎಂದು ಕಣ್ಣಾರೆ ಕಂಡದ್ದು ಅದೇ ಮೊದಲು. ಒಂದು ಕಪ್ಪು ಗೆರೆ, ಅದರ ನೆಟ್ಟಗಿನ ಭಾಗದ ನಡು. ಬಣ್ಣ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

"ನೀವು ಹೊರಗ ಕುಂದರ್ರಿ," ಅಂದರು ಪ್ರಿನ್ಸಿಪಾಲರು.

ವರಾಂಡದ ಕಟ್ಟೆಯ ಮೇಲೆ ಕೂತೆ. ಕಾಕಾ ಬೀಕರುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬಂದು ನಳದ ಕೆಳಗೆ ತೊಳೆಯತೊಡಗಿದರು. ನಾನು ಸುಮ್ಮನಿದ್ದುದು ಅವರಿಗೆ ಹೊಸದು.

"ಯಾಕ್ರಿ ಸರ್, ಇವತ್ತ ಯಾರದೂ ದನಿ ತಗೀವಲ್ರಿ?"

"ತಗದ್ರ ಇನ್ನ ಮನಿಗೆ ಹೋಗಿ ಅಕ್ಕನ ಮುಂದ ತಗೀಬೇಕ್ರಿ ಕಾಕಾ. ನೌಕ್ರಿ ಹೋತು."

"ನನಗ ಗೊತ್ತಿತ್ರಿ," ಅಂದರು ಅವರು, ಬ್ರಶ್ಶು ತಿರುವುತ್ತ.

"ಏನ?"

"ನಿಮ್ಮ ಕಣ್ಣಿಂದು. ಮೊದಲ ತಿಂಗಳದಾಗ ಗೊತ್ತಾತು. ಫ್ಲಾಸ್ಕ್ ತೊಳಿಯಾಂವ ನಾನಲ್ರಿ? ಹುಡುಗೂರ ಫ್ಲಾಸ್ಕಿನಾಗ ಬಣ್ಣ ಇದ್ದೂ ಇಲ್ಲದಂಗ ಇರತಿತ್ತು. ನೀವೊಬ್ರ ಕೂತು ಮಾಡಿದ್ದ ನೋಡಿದ್ರ, ಬೀಟ್‌ರೂಟ್ ತೊಳದ ನೀರು."

"ಮತ್ತ ಹೇಳಲಿಲ್ಲ?"

"ನೀವು ಪ್ರಿನ್ಸಿಪಾಲರ ದನಿ ತಗದು ನನಗ ಎರಡ ಸಲ ಗಾಬರಿ ಮಾಡಿದ್ರಿ. ಆವಾಗ ಹೇಳಬೇಕಂತ ಮಾಡಿದ್ದೆ." ಬೀಕರನ್ನು ಬೆಳಕಿಗೆ ಹಿಡಿದು ನೋಡಿದರು. "ಆಮ್ಯಾಲ ಬ್ಯಾಡ ಅನಿಸ್ತು. ಮಕ್ಕಳಿಗೆ ಛಲೋ ಹೇಳತೀರಿ. ಅದೊಂದ ಹನಿಗಾಗಿ ಯಾಕ ಅಂತ."

"ನಾಕ ಹನಿ ಕಾಕಾ."

"ನಾಕಕ್ಕ ಇರ್ಲಿ."

ಒಳಗಿನಿಂದ ಮಾತು ಕೇಳಿಸುತ್ತಿತ್ತು, ಶಬ್ದ ಬಿಡಿಸಿ ತಿಳಿಯುತ್ತಿರಲಿಲ್ಲ. ಒಮ್ಮೆ ಯಾರೋ ನಕ್ಕರು. ಅದು ನನ್ನ ಪರವೋ ವಿರುದ್ಧವೋ ಎಂದು ಯೋಚಿಸಿದೆ. ದನಿಯಿಂದ ಮನುಷ್ಯರನ್ನು ಅಳೆಯುವುದರಲ್ಲಿ ನಾನು ನಿಪುಣ ಎಂದು ಕೊಚ್ಚಿಕೊಳ್ಳುತ್ತಿದ್ದವನು. ಅವತ್ತು ಒಂದೂ ತಿಳಿಯಲಿಲ್ಲ.

ಅರ್ಧ ಗಂಟೆಯ ಮೇಲೆ ಕರೆದರು. ಅಧ್ಯಕ್ಷರು ಚಹಾ ಕುಡಿಯುತ್ತಿದ್ದರು. ಮಾತಾಡಿದವರು ಪ್ರಿನ್ಸಿಪಾಲರು.

"ಅದೇನಪಾ ಅಂದ್ರ, ಮುಂದಿನ ವರ್ಷಾನೂ ಬರ್ರಿ."

ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿದರು. "ತಡೀರಿ. ಎರಡ ಷರತ್ತ. ಪ್ರಾಕ್ಟಿಕಲ್ ಪರೀಕ್ಷಾದಾಗ ಬಣ್ಣ ನೋಡೂದು ನೀವಲ್ಲ. ಬ್ಯಾರೆ ಮಾಸ್ತರ ಒಬ್ರು ಬಾಜೂ ನಿಂದರತಾರ. ಅವರ ಹೇಳಿದ್ದ ಆಖರಿ."

"ಆಗ್ಲಿ ಸರ್."

"ಇನ್ನೊಂದ, ಸೋಮವಾರ ಕ್ಲಾಸಿನಾಗ ನಿಮ್ಮ ಕಣ್ಣಿನ ವಿಷಯ ನೀವ ಹೇಳ್ರಿ. ಈ ಹುಡುಗಿ ಹೇಳೂ ಮೊದಲ. ಇಲ್ಲಾಂದ್ರ ಮಂಗಳವಾರ ಇಡೀ ಖಾನಾಪುರಕ್ಕ ನೀವು ಪೂರಾ ಕುರುಡಾಗಿರ್ತೀರಿ."

ಅಧ್ಯಕ್ಷರು ಬಟ್ಟಲು ಕೆಳಗಿಟ್ಟರು. "ಮತ್ತ ಸೀರಿ ತೊಗೊಳಾಕ ಬಂದ್ರ ಮನ್ಯಾಗಿನವರನ್ನ ಕರ್ಕೊಂಡ ಬರ್ರಿ. ಒಬ್ರ ಬರಬ್ಯಾಡ್ರಿ."

ಪೆಟ್ಟಿಗೆಯನ್ನು ಭಾನುವಾರ ಬೆಳಗಾವಿಯಲ್ಲಿ ಫಿಜಿಕ್ಸ್ ಮಾಸ್ತರರ ಮನೆಗೆ ಮುಟ್ಟಿಸಿದೆ. ಗುಳ್ಳೆ ಒಣಗಿರಲಿಲ್ಲ. ಅಂಥದ್ದೊಂದನ್ನು ನಮ್ಮ ಕಾಲೇಜಿಗೂ ಮಾಡಿಕೊಡುತ್ತೀರಾ ಎಂದು ಕೇಳಿದೆ. ಬೇಸಿಗೆಯಲ್ಲಿ ಬಂದು ಕೂತು ನೀವೇ ಮಾಡಿ, ನಾನು ಹೇಳಿಕೊಡುತ್ತೇನೆ ಅಂದರು. ಅಲ್ಲಿಯ ತನಕ ಬ್ಯುರೆಟ್ಟು, ಫಿನಾಲ್ಫ್ತಲೀನ್ ಮತ್ತು ಮಕ್ಕಳ ಕಣ್ಣು.

ಸೋಮವಾರ ಲ್ಯಾಬಿನಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದೆ. ಯಾರ ದನಿಯನ್ನೂ ತೆಗೆಯಲಿಲ್ಲ. ನನಗೆ ತಿಳಿ ಗುಲಾಬಿ ಕಾಣುವುದಿಲ್ಲ, ಹಸಿರಿಗೂ ಕಂದಿಗೂ ತಿಕ್ಕಾಟ, ಇದು ರೋಗವಲ್ಲ, ಹುಟ್ಟಿನಿಂದ ಬಂದದ್ದು. ಇಷ್ಟು ದಿವಸ ಬಣ್ಣ ಬಂತು ಅಂದದ್ದು ನಿಮ್ಮ ಮುಖ ನೋಡಿ. ಇನ್ನು ಮೇಲೆ ನೀವು ಹೇಳಬೇಕು, ನಾನು ಕೇಳಬೇಕು. ಇವತ್ತಿನ ಟೈಟ್ರೇಶನ್ ಸುರು ಮಾಡಿ.

ಹಿಂದಿನ ಸಾಲಿನ ಒಬ್ಬ ಕೈಯೆತ್ತಿದ.

"ಸರ್, ನನ್ನ ಅಂಗಿ ಯಾವ ಬಣ್ಣಾ ಹೇಳ್ರಿ?"

"ಕಂದು."

"ಹಸರ್ರೀ ಸರ್!" ಇಡೀ ಲ್ಯಾಬು ಕುಣಿಯಿತು. "ಸರ್, ನನ್ನ ರಿಬ್ಬನ್?" "ಸರ್, ಈ ಬ್ಯಾಗ್?" "ಸರ್, ಗ್ವಾಡಿ?" "ಸರ್, ಕಾಕಾನ ಟೋಪಿ?" ಮೊದಲ ಬೆಂಚಿನವಳು ಕೂಡ ನಗುತ್ತ, ತನ್ನ ನೋಟ್‌ಬುಕ್ಕಿನ ರಟ್ಟನ್ನು ನನ್ನ ಮೂಗಿಗೆ ಹಿಡಿದಿದ್ದಳು. ನಾನು ಹೇಳುತ್ತ ಹೋದೆ. ಅರ್ಧ ಸರಿ, ಅರ್ಧ ತಪ್ಪು, ತಪ್ಪಿಗೆಲ್ಲ ಚಪ್ಪಾಳೆ. ಪಿರಿಯಡ್ಡಿನ ಗಂಟೆ ಹೊಡೆದಾಗ ಒಬ್ಬರ ಬ್ಯುರೆಟ್ಟೂ ತುಂಬಿರಲಿಲ್ಲ.